ಒರಟು ಚರ್ಮದ ವೇಗದ ಮೀನು

ಬೇಸಿಗೆ ರಜೆ ಮುಗಿಸಿ ಶಿಡ್ಲಘಟ್ಟದ ನನ್ನ ಸಂಜೆ ಟ್ಯೂಷನ್ನಿಗೆ ಮರಳಿದ ಎಂಟನೇ ತರಗತಿಯ ಹುಡುಗಿಯೊಬ್ಬಳು ಜೊತೆಗೊಂದು ಪ್ರಶ್ನೆಯನ್ನೂ ತಂದಿದ್ದಳು. ರಜೆಯಲ್ಲಿ ಅವಳು ಮಂಗಳೂರಿನ ಮಾಮೂ ಮನೆಗೆ ಹೋಗಿದ್ದಳು. ಅಲ್ಲಿ ಮಾಮಿ ತಾಟೆ ಮೀನು, ಅಂದರೆ ಸಣ್ಣ ಶಾರ್ಕ್, ತೊಳೆಯುವಾಗ ಇವಳೂ ಕೈಯಾಡಿಸಿ ನೋಡಿದ್ದಾಳೆ.

“ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣ್ಣಗಿತ್ತು ಆಪಾ. ಬಾಲದಿಂದ ತಲೆಯ ಕಡೆಗೆ ಸವರಿದರೆ ಬಡಗಿಗಳ ಉಪ್ಪು ಕಾಗದದ ಹಾಗೆ. ಒರಟಾದಷ್ಟೂ ತಡೆ ಹೆಚ್ಚು ಅಂತ ನೀವು ಹೇಳಿಕೊಟ್ಟಿದ್ದೀರಿ. ಹಾಗಾದರೆ ಶಾರ್ಕ್ ಅಷ್ಟು ವೇಗವಾಗಿ ಹೇಗೆ ಈಜುತ್ತೆ?”

“ಅದು ಪರೀಕ್ಷೆಗೆ ಬರೋದಿಲ್ಲ, ಮುಂದಿನ ಪ್ರಶ್ನೆ ಬರೆ” ಎಂದುಬಿಟ್ಟೆ. ನಿಜವೇನೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದವಳು ನಾನು. ವಿಜ್ಞಾನದ ಪ್ರಶ್ನೆ ಬಂದರೆ ಒಳಗೊಳಗೇ ಅಳುಕು.

ಕೆಲವು ವಾರಗಳ ನಂತರ ರೀಲಿಂಗ್ ಕೆಲಸ ಮುಗಿಸಿ ಬರುತ್ತಿದ್ದ ಅವಳ ತಾಯಿ ದಾರಿಯಲ್ಲಿ ಸಿಕ್ಕರು. “ಮೊದಲು ತಲೆ ತಿನ್ನೋಳು ಆಪಾ. ಈಗ ಏನೂ ಕೇಳೋದಿಲ್ಲ, ಸುಮ್ಮನೆ ಓದ್ಕೋತಾಳೆ. ನಿಮ್ಮಿಂದ ಒಳ್ಳೇದಾಯ್ತು” ಎಂದು ಹೊಗಳಿದರು. ಆ ಹೊಗಳಿಕೆ ನನ್ನನ್ನು ಚುಚ್ಚಿತು. ಅಂದಿನಿಂದ ಈ ವಿಷಯವನ್ನು ಹುಡುಕಿ ಓದಿದೆ. ಸಹೋದರಿಯರೇ, ನಾಳೆ ನಿಮ್ಮ ಮಕ್ಕಳೂ ಕೇಳಬಹುದು. ಆದ್ದರಿಂದ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಹೇಳಿಕೊಟ್ಟದ್ದು ಪೂರ್ತಿ ಸುಳ್ಳಲ್ಲ. ಚಿಂತಾಮಣಿ, ಗೌರಿಬಿದನೂರು ಕಡೆಯ ಬೋರ್‌ವೆಲ್ ನೀರು ಬಳಸುವವರಿಗೆ ಗೊತ್ತು, ಕಾಲ ಕಳೆದಂತೆ ಪೈಪಿನೊಳಗೆ ಬಿಳಿ ಸುಣ್ಣದ ಪೊರೆ ಕಟ್ಟುತ್ತದೆ. ದಾರಿ ಕಿರಿದಾಗುತ್ತದೆ, ಒಳಮೈ ಒರಟಾಗುತ್ತದೆ. ಮೋಟಾರು ಅಷ್ಟೇ ಹೊತ್ತು ಓಡಿದರೂ ನೀರು ಕಡಿಮೆ ಬರುತ್ತದೆ. ಇಂಥ ಅಡ್ಡಾದಿಡ್ಡಿ ಒರಟುತನ ಹರಿವಿಗೆ ಅಡ್ಡಿಯೇ.

ಶಾರ್ಕ್‌ನ ಒರಟುತನ ಅಂಥದ್ದಲ್ಲ. ಅದರ ಮೈಮೇಲಿರುವುದು ಬೇರೆ ಮೀನುಗಳ ತೆಳು ಹುರುಪೆಯಲ್ಲ, ನಮ್ಮ ಹಲ್ಲಿನಂತೆಯೇ ರಚನೆಯಾದ ಪುಟ್ಟ ಪುಟ್ಟ ಚಿಪ್ಪುಗಳು. ಎಲ್ಲದರ ತುದಿಯೂ ಬಾಲದ ಕಡೆಗೆ ಬಾಗಿರುತ್ತದೆ. ಹುಡುಗಿಯ ಕೈಗೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು ಎನಿಸಿದ್ದು ಇದರಿಂದಲೇ. ಚಿಪ್ಪುಗಳ ಮೇಲೆ ನೀರು ಹರಿಯುವ ದಿಕ್ಕಿಗೇ ಸಣ್ಣ ಏಣುಗಳಿವೆ. ವೇಗವಾಗಿ ಈಜುವ ಶಾರ್ಕ್‌ಗಳಲ್ಲಿ ಈ ಏಣುಗಳ ನಡುವಿನ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ರೇಷ್ಮೆ ಗೂಡಿನಿಂದ ಬಿಚ್ಚುವ ಒಂಟಿ ಎಳೆಗಳನ್ನು ಐದು ಪಕ್ಕಪಕ್ಕ ಇಟ್ಟಷ್ಟೂ ಆಗುವುದಿಲ್ಲ.

ವೇಗವಾಗಿ ಹರಿಯುವ ನೀರು ಮೈಗೆ ತಾಗುವಲ್ಲಿ ಕಣ್ಣಿಗೆ ಕಾಣದ ಸುಳಿಗಳು ಏಳುತ್ತವೆ. ಅವು ಮೇಲಿನ ವೇಗದ ನೀರನ್ನು ಕೆಳಗೆಳೆದು ಚರ್ಮಕ್ಕೆ ಉಜ್ಜುತ್ತವೆ. ಈಜುವುದಕ್ಕೆ ತಡೆಯಾಗುವುದು ಮುಖ್ಯವಾಗಿ ಈ ಉಜ್ಜುವಿಕೆ. ಏಣುಗಳು ಸುಳಿಗಳನ್ನು ಮೇಲೆಯೇ ನಿಲ್ಲಿಸುತ್ತವೆ, ನೀರು ಅಡ್ಡಡ್ಡ ಜಾರದಂತೆ ತಡೆಯುತ್ತವೆ. ವೇಗದ ನೀರು ಏಣಿನ ತುದಿಗಳಿಗಷ್ಟೇ ತಾಗುತ್ತದೆ, ತಗ್ಗಿನಲ್ಲಿ ನಿಧಾನದ ನೀರು ಉಳಿಯುತ್ತದೆ. ಆದರೆ ಏಣು ವೇಗಕ್ಕೆ ತಕ್ಕ ಅಳತೆಯಲ್ಲಿರಬೇಕು, ಹರಿವಿನ ದಿಕ್ಕಿಗೇ ಇರಬೇಕು. ದೊಡ್ಡದಾದರೆ ಅಥವಾ ಅಡ್ಡವಾದರೆ ತಡೆ ಹೆಚ್ಚುತ್ತದೆ.

2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓಫ್ನರ್ ಮತ್ತು ಲಾಡರ್ ಎಂಬ ವಿಜ್ಞಾನಿಗಳು ನಿಜವಾದ ಶಾರ್ಕ್ ಚರ್ಮವನ್ನೇ ಬಳಸಿ ಬಾಗುವ ಹಾಳೆ ಮಾಡಿ ನೀರಿನಲ್ಲಿ ಆಡಿಸಿದರು. ಚಿಪ್ಪುಗಳನ್ನು ಉಜ್ಜಿ ನುಣುಪು ಮಾಡಿದ ಚರ್ಮಕ್ಕಿಂತ ಚಿಪ್ಪಿರುವ ಚರ್ಮ ಸುಮಾರು 12 ಶೇಕಡಾ ವೇಗವಾಗಿ ಸಾಗಿತು. ಬಾಗದ ಹಲಗೆಗೆ ಅಂಟಿಸಿದಾಗ ಮಾತ್ರ ಆ ಲಾಭ ಸಿಗಲಿಲ್ಲ. ಶಾರ್ಕ್ ಚರ್ಮದ ಹೆಸರಿನಲ್ಲಿ ಮಾರುವ ಈಜುಡುಗೆಯ ಬಟ್ಟೆಯನ್ನೂ ಪರೀಕ್ಷಿಸಿದರು. ಅದರ ಏಣುಗಳಿಂದ ಅಂಥ ಪ್ರಯೋಜನ ಕಾಣಲಿಲ್ಲ. ಜಾಹೀರಾತನ್ನೆಲ್ಲ ನಂಬಬಾರದು ಎನ್ನುವುದಕ್ಕೆ ಇದೂ ಒಂದು ಪಾಠ.

ಈ ವಿದ್ಯೆ ನಮಗೆ ದೂರದ್ದೂ ಅಲ್ಲ. ಇಸ್ರೋದ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಯುವಕರಾಗಿದ್ದಾಗ ಅಮೆರಿಕದಲ್ಲಿ ಸಂಶೋಧಿಸಿದ್ದು ಹರಿವು ಮೈಯನ್ನು ಉಜ್ಜುವ ಬಲವನ್ನು ನೇರವಾಗಿ ಅಳೆಯುವುದು ಹೇಗೆ ಎಂಬುದನ್ನೇ. 1951ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅದೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಪಿ.ಆರ್. ವಿಶ್ವನಾಥ್ ಶಾರ್ಕ್ ಚರ್ಮದಂತೆ ಗೀರುಗಳಿರುವ ಹಾಳೆಯಿಂದ ವಿಮಾನದ ತಡೆ ತಗ್ಗಿಸುವ ಬಗ್ಗೆ 2002ರಲ್ಲಿ ಬರೆದ ಸಮೀಕ್ಷೆಯನ್ನು ಜಗತ್ತಿನ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ. 2022ರಿಂದ ಸ್ವಿಸ್ ಕಂಪನಿಯ ಬೋಯಿಂಗ್ 777 ವಿಮಾನಗಳು ಇಂಥ ಹಾಳೆ ಅಂಟಿಸಿಕೊಂಡು ಹಾರುತ್ತಿವೆ. ಇಂಧನದ ಉಳಿತಾಯ ಸುಮಾರು ಒಂದು ಶೇಕಡಾ. ಕಡಿಮೆ ಅನಿಸಬಹುದು, ಆದರೆ ಪ್ರತಿದಿನ ಸಾಗರ ದಾಟುವ ವಿಮಾನಕ್ಕೆ ಅದು ವರ್ಷಕ್ಕೆ ನೂರಾರು ಟನ್ ಇಂಧನ.

ಇದನ್ನೆಲ್ಲ ಓದಿದ ಮೇಲೆ ಒಂದು ಸಂಜೆ ಆ ಹುಡುಗಿಯ ಮನೆಗೇ ಹೋದೆ. “ಅವತ್ತು ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು” ಎಂದು ಅವಳ ತಾಯಿಯ ಎದುರಿಗೇ ಹೇಳಿದೆ. ಬಳಿಕ ಕಾಗದದ ಮೇಲೆ ಏಣು ಬರೆದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಂತರ ಕೇಳಿದಳು: “ಹಾಗಾದರೆ ಬೋರ್‌ವೆಲ್ ಪೈಪಿನ ಒಳಗೂ ಇಂಥ ಗೀರು ಹಾಕಬಹುದಲ್ವಾ ಆಪಾ?”

ನಾನು ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದರು: “ಎಲ್ಲಿ ಉಳಿಯುತ್ತೆ? ನಮ್ಮ ರೀಲಿಂಗ್ ಬೇಸಿನ್ನಿನಲ್ಲಿ ಸುಣ್ಣ ಹೇಗೆ ಕಟ್ಟುತ್ತೆ ನೋಡಿಲ್ವಾ? ಗೀರೆಲ್ಲ ಮುಚ್ಚಿಹೋಗುತ್ತೆ.”

ಉತ್ತರ ಸರಿಯಾಗಿತ್ತು. ಏಣುಗಳ ನಡುವೆ ಕೊಳೆ ತುಂಬದಂತೆ ನೋಡಿಕೊಳ್ಳುವುದು ವಿಮಾನದವರಿಗೂ ಇರುವ ಚಿಂತೆ. ಶಾಲೆ ಅರ್ಧಕ್ಕೇ ಬಿಟ್ಟ ಆ ತಾಯಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಮಗಳು ಅಷ್ಟರಲ್ಲೇ ಇನ್ನೊಂದು ಪ್ರಶ್ನೆ ಶುರು ಮಾಡಿದ್ದಳು. ಈ ಸಲ ಯಾರೂ ಅವಳನ್ನು ತಡೆಯಲಿಲ್ಲ.