ಮುದ್ದೆ ಉಂಡರೆ ಮೂಳೆ ಟೊಳ್ಳಾಗುವುದಿಲ್ಲವೇ? ಕುಡಿಯುವ ನೀರನ್ನೂ ನೋಡಿ

‘ದಿನಾ ರಾಗಿ ಮುದ್ದೆ ಉಂಡವರಿಗೆ ಮೂಳೆ ಸವೆತ ಬರೋದೇ ಇಲ್ಲ’ ಎಂಬ ಮೆಸೇಜು ನಿಮಗೂ ಬಂದಿರಬಹುದು. ಅದು ಅರ್ಧ ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ವಯಸ್ಕರಿಗೆ ದಿನಕ್ಕೆ ಬೇಕಿರುವುದು ಸುಮಾರು 1000 ಮಿಲಿಗ್ರಾಂ. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದೂ ಇಲ್ಲ. ಹಾಲು, ಮೊಸರು, ಸೊಪ್ಪು ಜೊತೆಗಿರಬೇಕು.

ಇನ್ನೊಂದು ಗೊಂದಲವಿದೆ. ಮಂಡಿ ನೋವಿಗೆ ನಾವು ‘ಮೂಳೆ ಸವೆದಿದೆ’ ಎನ್ನುತ್ತೇವೆ. ಅಲ್ಲಿ ಸವೆದಿರುವುದು ಕೀಲಿನ ಮೆತ್ತನೆಯ ಪದರ. ಮೂಳೆಯ ಸಾಂದ್ರತೆ ಕಡಿಮೆಯಾಗುವ ಆಸ್ಟಿಯೊಪೊರೋಸಿಸ್ ಬೇರೆಯೇ ಕಾಯಿಲೆ. ಅದು ಸಾಮಾನ್ಯವಾಗಿ ನೋಯುವುದಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದಾಗಲೇ ಎಷ್ಟೋ ಜನರಿಗೆ ಗೊತ್ತಾಗುವುದು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುವುದರಿಂದ ಹೆಂಗಸರಿಗೆ ಅಪಾಯ ಜಾಸ್ತಿ.

ಚಿತ್ರದುರ್ಗ ಜಿಲ್ಲೆಯವರು ಇದರ ಜೊತೆ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿನ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5 ಮಿಲಿಗ್ರಾಂ. ವರ್ಷಗಟ್ಟಲೆ ಹೆಚ್ಚು ಹೋದರೆ ಫ್ಲೋರೈಡ್ ಮೂಳೆಯಲ್ಲಿ ಸೇರಿಕೊಂಡು ಬೆನ್ನು ಬಗ್ಗದಂತೆ, ಕೀಲು ಮಡಿಚದಂತೆ ಮಾಡುತ್ತದೆ.

ವಿಚಿತ್ರವೆಂದರೆ, ಇಂಥವರ ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಸಾಮಾನ್ಯಕ್ಕಿಂತ ಗಟ್ಟಿಯಾಗಿಯೇ ಕಾಣಬಹುದು. ಆದರೆ ದಟ್ಟವಾದ ಮೂಳೆಯೆಲ್ಲ ಬಲವಾದ ಮೂಳೆಯಲ್ಲ. ಒಂದು ಕಾಲದಲ್ಲಿ ಫ್ಲೋರೈಡನ್ನೇ ಆಸ್ಟಿಯೊಪೊರೋಸಿಸ್‌ಗೆ ಔಷಧಿಯಾಗಿ ಕೊಟ್ಟು ನೋಡಿದ್ದರು! 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಬೆನ್ನುಮೂಳೆಯ ಸಾಂದ್ರತೆಯೇನೋ ಚೆನ್ನಾಗಿ ಏರಿತು. ಬೆನ್ನುಮೂಳೆ ಮುರಿಯುವುದು ಗಮನಾರ್ಹವಾಗಿ ತಗ್ಗಲಿಲ್ಲ, ಉಳಿದ ಮೂಳೆಗಳು ಇನ್ನೂ ಹೆಚ್ಚು ಮುರಿದವು. ಹಾಗಾಗಿ ಫ್ಲೋರೈಡ್ ಊರಿನವರು ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ, ಯಾವ ನೀರು ಕುಡಿಯುತ್ತೇವೆಂದು ವೈದ್ಯರಿಗೆ ಹೇಳಲೇಬೇಕು.

ಹಾಗಾದರೆ ಮುದ್ದೆ ಬೇಡವೇ? ಬೇಕು. ಕ್ಯಾಲ್ಸಿಯಂ ಕಡಿಮೆ ಇರುವ ಊಟದಲ್ಲಿ ಫ್ಲೋರೈಡಿನ ಹಾನಿ ಹೆಚ್ಚು. ದಿನಾ ನಡಿಗೆ, ಒಂದಿಷ್ಟು ಬಿಸಿಲೂ ಬೇಕು. ಮೂಳೆ ಒಮ್ಮೆ ಸುಲಭಕ್ಕೆ ಮುರಿದಿದ್ದರೆ ಕ್ಯಾಲ್ಸಿಯಂ ಮಾತ್ರೆಯಷ್ಟೇ ಸಾಲದು. ಮತ್ತೆ ಮುರಿಯದಂತೆ ತಡೆಯುವ ಔಷಧಿಗಳಿವೆ, ವೈದ್ಯರನ್ನು ಕೇಳಿ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬುದು ಶುದ್ಧ ಸುಳ್ಳು. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರಿನಿಂದಲೂ ಆಗದು. ಆರ್‌ಒ ಬೇಕು, ಇಲ್ಲವೇ ಶುಚಿಯಾಗಿ ಹಿಡಿದಿಟ್ಟ ಮಳೆ ನೀರು. ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಮುದ್ದೆಯ ಎಸರಿಗೆ, ಸಾರಿಗೆ, ಟೀಗೆ ಕೊಳವೆಬಾವಿ ನೀರನ್ನೇ ಹಾಕುವ ಮನೆಗಳೂ ಇವೆ. ಅಡುಗೆಗೂ ಆ ಕ್ಯಾನಿನ ನೀರನ್ನೇ ಬಳಸಿ.