ಟ್ಯಾಗ್ ಕಾವಲುಗಾರನಲ್ಲ

"ಯಾವ ಟ್ಯಾಗ್ ತಗೊಳ್ಳಲಿ ಮಾರಾಯಾ?"

ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ, ಸಿಎಸ್‌ಎಂಟಿಯಿಂದ ಮುಲುಂಡ್‌ವರೆಗೆ ಲೋಕಲ್ಲಿನಲ್ಲಿ ನೇತಾಡುವಾಗ, ಸಂಘದ ಕಾರ್ಯಕ್ರಮ ಮುಗಿದು ಚಹಾದ ಲೋಟ ಹಿಡಿದು ನಿಂತಾಗ. ಐಟಿಯವನು ಎಂದಮೇಲೆ ಪ್ರಿಂಟರ್ ರಿಪೇರಿಯಿಂದ ಟ್ಯಾಗ್ ಖರೀದಿಯವರೆಗೆ ಎಲ್ಲದಕ್ಕೂ ನಾನೇ ವೈದ್ಯ.

ಪ್ರಶ್ನೆ ಹೀಗೆ ಮುಂದುವರಿಯುತ್ತದೆ: "ಕಾರಿಗೆ ಒಂದು. ಲ್ಯಾಪ್‌ಟಾಪ್ ಬ್ಯಾಗಿಗೆ ಒಂದು. ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಒಂದು." ಆಮೇಲೆ ದನಿ ತಗ್ಗುತ್ತದೆ. "ಡ್ರೈವರಿಗೆ ಗೊತ್ತಾಗದ ಹಾಗೆ ಇಡಬಹುದಲ್ಲ? ಮಗಳ ಕಾಲೇಜು ಬ್ಯಾಗಿನಲ್ಲೂ ಒಂದು ಇಟ್ಟರೆ ಹೇಗೆ?"

ಮೊದಲ ಮೂರಕ್ಕೆ ನನ್ನಲ್ಲಿ ಉತ್ತರ ಇದೆ. ಕೊನೆಯೆರಡಕ್ಕೆ ಇರುವುದು ಜಗಳ. ಆ ಜಗಳವನ್ನು ಊಟದ ಮೇಜಿನ ಮೇಲೆ ಮಾಡಲಾಗದೆ ಇಲ್ಲಿ ಮಾಡುತ್ತಿದ್ದೇನೆ.

ಮೊದಲು ಆ ಬಿಲ್ಲೆಯೊಳಗೆ ಏನಿದೆ ನೋಡೋಣ. ಒಂದು ಬ್ಲೂಟೂತ್ ಚಿಪ್, ಒಂದು ಪುಟ್ಟ ಸ್ಪೀಕರ್, ಹೆಚ್ಚಿನವುಗಳಲ್ಲಿ ಸಿಆರ್ 2032 ಎಂಬ ಗುಂಡಿಯಂಥ ಬ್ಯಾಟರಿ. ಜಿಪಿಎಸ್ ಇಲ್ಲ, ಸಿಮ್ ಇಲ್ಲ. ತಾನೆಲ್ಲಿದ್ದೇನೆ ಎಂಬುದು ಅದಕ್ಕೇ ಗೊತ್ತಿಲ್ಲ. ಸುತ್ತಲಿನ ಕೆಲವು ಮೀಟರುಗಳೊಳಗೆ "ಇಲ್ಲಿದ್ದೇನೆ, ಇಲ್ಲಿದ್ದೇನೆ" ಎಂದು ಕೂಗುತ್ತಿರುವುದಷ್ಟೇ ಅದರ ಕೆಲಸ. ಪಕ್ಕದಲ್ಲಿ ಹಾದುಹೋಗುವ ಯಾರದೋ ಫೋನು ಅದನ್ನು ಕೇಳಿಸಿಕೊಂಡು, ತಾನಿರುವ ಜಾಗವನ್ನು ಗುಪ್ತಲಿಪಿಯಲ್ಲಿ ಕಂಪನಿಯ ಸರ್ವರಿಗೆ ಕಳಿಸುತ್ತದೆ. ನಮ್ಮ ಫೋನು ಅದನ್ನು ಬಿಡಿಸಿ ನಕ್ಷೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ದುಡ್ಡು ಕೊಡುವುದು ಬಿಲ್ಲೆಗೆ. ದುಡಿಯುವುದು ದಾರಿಹೋಕರ ಫೋನು.

ಹಾಗಾಗಿ ಸಂಜೆ ಆರಕ್ಕೆ ಹುತಾತ್ಮ ಚೌಕದಿಂದ ಸಿಎಸ್‌ಎಂಟಿ ಕಡೆಗೆ ಜನ ಹೊಳೆಯಂತೆ ಹರಿಯುವಾಗ ಡಿ. ಎನ್. ರಸ್ತೆಯಲ್ಲಿ ಬಿದ್ದ ಟ್ಯಾಗು ಬೇಗ ಸಿಗುತ್ತದೆ. ಅದೇ ಟ್ಯಾಗು ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ನಿಂತ ಕಾರಿನೊಳಗಿದ್ದರೆ ಮೂಕ. ಕಟ್ಟಡದ ಎರಡನೇ ನೆಲಮಾಳಿಗೆಯ ಪಾರ್ಕಿಂಗಿನಲ್ಲೂ ಅಷ್ಟೆ. ನಕ್ಷೆಯ ಮೇಲಿನ ಚುಕ್ಕೆ "ಈಗ ಇಲ್ಲಿದೆ" ಎನ್ನುವುದಿಲ್ಲ, "ಕೊನೆಯ ಬಾರಿ ಯಾರೋ ಇಲ್ಲಿ ಕೇಳಿಸಿಕೊಂಡರು" ಎನ್ನುತ್ತದೆ. ಈ ವ್ಯತ್ಯಾಸ ತಿಳಿಯದೆ ಟ್ಯಾಗು ಕೊಂಡವನು ಒಂದು ದಿನ ಯಾರನ್ನೋ ಅನ್ಯಾಯವಾಗಿ ಅನುಮಾನಿಸುತ್ತಾನೆ. ನಾನು ಅನುಮಾನಿಸಿದೆ. ಆ ಕತೆ ಆಮೇಲೆ.

ಆಯ್ಕೆಯ ವಿಷಯ ಬೇಗ ಮುಗಿಸುತ್ತೇನೆ, ಅದು ಕಷ್ಟದ್ದಲ್ಲ. ಟ್ಯಾಗಿನ ಡಬ್ಬಿ ನೋಡುವ ಮೊದಲು ನಿಮ್ಮ ಕೈಯಲ್ಲಿರುವ ಫೋನು ನೋಡಿ. ಐಫೋನ್ ಇದ್ದರೆ ಆಪಲ್‌ನ ಏರ್‌ಟ್ಯಾಗ್; 2021ರ ಏಪ್ರಿಲ್‌ನಲ್ಲಿ ಬಂದಾಗ ಒಂದಕ್ಕೆ 3,190 ರೂಪಾಯಿ ಇತ್ತು. ಅಷ್ಟು ಬೇಡವೆಂದರೆ ಅದೇ ಜಾಲದಲ್ಲಿ ಕೆಲಸ ಮಾಡುವ ಜಿಯೋಟ್ಯಾಗ್ ಏರ್‌ನಂಥವು ಇವೆ. ಆಂಡ್ರಾಯ್ಡ್ ಇದ್ದರೆ ಗೂಗಲ್‌ನ ಜಾಲಕ್ಕೆ ಸೇರುವ ಜಿಯೋಟ್ಯಾಗ್ ಗೋನಂಥವು. ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಟ್ಯಾಗ್ ಗ್ಯಾಲಕ್ಸಿ ಫೋನಿದ್ದವರಿಗೆ ಮಾತ್ರ. ಗೂಗಲ್‌ನ ಜಾಲ ಶುರುವಾದದ್ದು 2024ರಲ್ಲಿ. ಒಂದೇ ಫೋನು ಕೇಳಿಸಿಕೊಂಡರೆ ಸಾಲದು, ಜನ ಹೆಚ್ಚಿರುವ ಜಾಗದಲ್ಲಿ ಹಲವು ಫೋನುಗಳು ಕೇಳಿಸಿಕೊಂಡಾಗ ಮಾತ್ರ ಜಾಗ ಹೇಳುವಂತೆ ಅದನ್ನು ಮೊದಲಿಗೆ ಹೊಂದಿಸಿದ್ದಾರೆ. ಫೋರ್ಟಿಗೆ ಅದು ಸಾಕು. ಊರಿನ ತೋಟದ ದಾರಿಗೆ ಸಾಲದು. ಕೀ ಗೊಂಚಲಿಗೆ, ಬ್ಯಾಗಿಗೆ, ಸೂಟ್‌ಕೇಸಿಗೆ ಧಾರಾಳವಾಗಿ ಹಾಕಿ. ವಿಮಾನದಲ್ಲಿ ಸೂಟ್‌ಕೇಸು ತಪ್ಪಿಹೋದರೆ ಏರ್‌ಟ್ಯಾಗಿನ ಜಾಗವನ್ನು ವಿಮಾನ ಕಂಪನಿಗೇ ತೋರಿಸುವ ಸೌಲಭ್ಯ 2024ರ ಕೊನೆಯಿಂದ ಇದೆ. ಮರೆವಿಗೆ ಇದು ಒಳ್ಳೆಯ ಮದ್ದು. ನಾನೇ ಮೂರು ಬಳಸುತ್ತೇನೆ.

ನನ್ನ ತಕರಾರು ಇರುವುದು "ರಕ್ಷಣೆ" ಎಂಬ ಮಾತಿನ ಬಗ್ಗೆ.

ಟ್ಯಾಗು ಕಾರನ್ನು ರಕ್ಷಿಸುವುದಿಲ್ಲ. ಅದು ಬೀಗವಲ್ಲ, ಎಂಜಿನ್ ನಿಲ್ಲಿಸುವುದಿಲ್ಲ, ಕೂಗಿ ಜನ ಸೇರಿಸುವುದಿಲ್ಲ. ಕಾರಿನ ಲೋಹದ ಮೈ ಅದರ ಕ್ಷೀಣ ದನಿಯನ್ನು ಇನ್ನೂ ಕುಗ್ಗಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದು ಕಳ್ಳನಿಗೇ ಸುದ್ದಿ ಮುಟ್ಟಿಸುತ್ತದೆ. "ನಿಮ್ಮದಲ್ಲದ ಟ್ಯಾಗ್ ಒಂದು ನಿಮ್ಮ ಜೊತೆ ಸಾಗುತ್ತಿದೆ" ಎಂದು ಅವನ ಫೋನು ಹೇಳುತ್ತದೆ. ಅವನು ಹುಡುಕಿ, ತಿರುವಿ, ಬ್ಯಾಟರಿ ತೆಗೆದು ಬಿಸಾಡಿದರೆ ಮುಗಿಯಿತು. ಕಾರಿಗೆ ಕಾವಲು ಬೇಕೆಂದರೆ ಸಿಮ್ ಇರುವ ಜಿಪಿಎಸ್ ಸಾಧನ ಹಾಕಿಸಿ, ಸ್ಟಿಯರಿಂಗಿಗೆ ಕಣ್ಣಿಗೆ ಕಾಣುವ ಬೀಗ ಹಾಕಿ, ವಿಮೆ ಸರಿಯಾಗಿಡಿ. ಎಆರ್‌ಎಐ ಒಪ್ಪಿಗೆ ಪಡೆದ ಕಳ್ಳತನ ನಿರೋಧಕ ಸಾಧನಕ್ಕೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 2.5ರಷ್ಟು, ಹೆಚ್ಚೆಂದರೆ 500 ರೂಪಾಯಿ, ರಿಯಾಯಿತಿ ಕೊಡುವ ಪದ್ಧತಿ ಹಳೆಯ ಮೋಟಾರ್ ಟ್ಯಾರಿಫಿನ ಕಾಲದಿಂದ ಇದೆ. ಟ್ಯಾಗಿನ ಬಿಲ್ಲು ತೋರಿಸಿ ಆ ರಿಯಾಯಿತಿ ಕೇಳಲು ಹೋಗಬೇಡಿ.

ಇಲ್ಲಿ ನನ್ನ ಗೆಳೆಯರು ಸಿಟ್ಟಾಗುತ್ತಾರೆ. "ಕಳ್ಳನಿಗೇ ಹೇಳಿಬಿಡುತ್ತದಾ? ಎಂಥ ಮೂರ್ಖ ಸಾಧನ!" ಒಬ್ಬರು ಸ್ಪೀಕರ್ ಕಿತ್ತುಹಾಕುವುದು ಹೇಗೆಂದು ತೋರಿಸುವ ವೀಡಿಯೋ ಕಳಿಸಿದರು. "ಇದು ಸರಿಯಾದ ದಾರಿ" ಎಂದು ಕೆಳಗೆ ಬರೆದಿದ್ದರು.

ಮೂರ್ಖತನ ಸಾಧನದ್ದಲ್ಲ. ಒಂದು ನಿಮಿಷ ಟ್ಯಾಗಿನ ಜಾಗದಲ್ಲಿ ಕೂತು ನೋಡಿ. ನಿಮ್ಮ ಬ್ಯಾಗು ಕದ್ದವನು ಚರ್ಚ್‌ಗೇಟಿನಲ್ಲಿ ರೈಲು ಹತ್ತಿ ವಿರಾರಿಗೆ ಹೋಗುತ್ತಿದ್ದಾನೆ. ಇನ್ನೊಬ್ಬ ಹುಡುಗಿಯ ಬ್ಯಾಗಿನೊಳಗೆ ಅವಳು ಬೇಡವೆಂದು ಬಿಟ್ಟುಬಂದವನು ಟ್ಯಾಗು ಸೇರಿಸಿದ್ದಾನೆ, ಅವಳೂ ಅದೇ ರೈಲಿನಲ್ಲಿ ವಿರಾರಿಗೆ ಹೋಗುತ್ತಿದ್ದಾಳೆ. ಟ್ಯಾಗಿಗೆ ಇಬ್ಬರೂ ಒಂದೇ: ತನ್ನ ಒಡೆಯನಲ್ಲದ ಒಬ್ಬ ಮನುಷ್ಯ ತನ್ನನ್ನು ಹೊತ್ತು ಸಾಗುತ್ತಿದ್ದಾನೆ. ಕಳ್ಳನಿಗೆ ಮಾತ್ರ ಸುಮ್ಮನಿದ್ದು ಆ ಹುಡುಗಿಗೆ ಮಾತ್ರ ಎಚ್ಚರಿಕೆ ಕೊಡು ಎಂದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಯಾವ ಎಂಜಿನಿಯರೂ ಈ ಗಂಟು ಬಿಡಿಸಿಲ್ಲ. ಒಂದನ್ನು ಆರಿಸಿಕೊಳ್ಳಲೇಬೇಕು.

ಆರಿಸಿಕೊಂಡ ಚರಿತ್ರೆಯೂ ಇದೆ. ಏರ್‌ಟ್ಯಾಗ್ ಬಂದ ಹೊಸತರಲ್ಲಿ ಒಡೆಯನಿಂದ ದೂರವಾದ ಟ್ಯಾಗು ಸದ್ದು ಮಾಡಲು ಮೂರು ದಿನ ಕಾಯುತ್ತಿತ್ತು. ಟೀಕೆ ಬಂದ ಮೇಲೆ 2021ರ ಜೂನ್‌ನಲ್ಲಿ ಅದನ್ನು 8ರಿಂದ 24 ಗಂಟೆಗೆ ಇಳಿಸಿದರು. 2022ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಹೆಂಗಸರು ಆಪಲ್ ಮೇಲೆ ದಾವೆ ಹೂಡಿದರು. ಹಳೆಯ ಸಂಗಾತಿಗಳು ಈ ಬಿಲ್ಲೆಯಿಂದ ತಮ್ಮ ಬೆನ್ನು ಹತ್ತಿದರು ಎಂಬುದು ದೂರು. 2024ರ ಮೇನಲ್ಲಿ ಆಪಲ್, ಗೂಗಲ್ ಎರಡೂ ಸೇರಿ, ಯಾವ ಕಂಪನಿಯ ಟ್ಯಾಗಾದರೂ ಯಾವ ಫೋನಾದರೂ ಎಚ್ಚರಿಸುವಂಥ ಸಮಾನ ವ್ಯವಸ್ಥೆ ತಂದವು. ಟೈಲ್ ಎಂಬ ಕಂಪನಿ 2023ರಲ್ಲಿ ಎದುರು ದಿಕ್ಕಿಗೆ ಹೊರಟಿತು. ಕಳ್ಳನಿಗೆ ಟ್ಯಾಗು ಕಾಣದಂತೆ ಮಾಡುತ್ತೇವೆ ಎಂದಿತು. ಆದರೆ ಅದನ್ನು ಬಳಸಬೇಕಾದರೆ ಗುರುತಿನ ಚೀಟಿ ಕೊಡಬೇಕು, ಯಾರನ್ನಾದರೂ ಹಿಂಬಾಲಿಸಿ ಶಿಕ್ಷೆಗೊಳಗಾದರೆ 10 ಲಕ್ಷ ಡಾಲರ್ ದಂಡ ತೆರುತ್ತೇನೆಂದು ಒಪ್ಪಬೇಕು. ಕದ್ದವನನ್ನು ಹಿಡಿಯುವ ಸಾಧನ ಮಾರಲು ಕೊಂಡವನ ಕೈಯಿಂದಲೇ ಮುಚ್ಚಳಿಕೆ ಬರೆಸಿಕೊಳ್ಳಬೇಕಾಯಿತು! ಸದ್ದಿಲ್ಲದ ಟ್ಯಾಗು ಯಾರ ಕೈಗೆ ಹೋಗುತ್ತದೆ ಎಂಬುದು ಮಾರುವವರಿಗೂ ಗೊತ್ತಿತ್ತು.

ಈಗ ನನ್ನ ಕತೆ. ಅಪ್ಪನ ಮಂಡಿನೋವು, ಆಸ್ಪತ್ರೆಯ ಓಡಾಟ ಎಂದು ಎರಡು ವರ್ಷದ ಹಿಂದೆ ವಾರಕ್ಕೆ ಮೂರು ದಿನ ಬರುವ ಡ್ರೈವರ್ ಇಟ್ಟುಕೊಂಡೆವು. ವಿಜಯಪುರ ಕಡೆಯ ಹುಡುಗ. ನಾನು ಕಾರಿನ ಕೀ ಗೊಂಚಲಿಗೆ, ಚರ್ಮದ ಕವಚದೊಳಗೆ, ಒಂದು ಟ್ಯಾಗು ಸೇರಿಸಿದೆ. ಅವನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಈಗ ಕೇಳಿಕೊಂಡರೆ ಉತ್ತರ ಗೊತ್ತಿದೆ. ಹೇಳಿದರೆ ಕೆಲಸ ಮಾಡುವುದಿಲ್ಲ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಪಿ. ಎಂ. ರಸ್ತೆಯ ಆಫೀಸಿನಲ್ಲಿ ಮೀಟಿಂಗಿನ ನಡುವೆ ಫೋನು ನೋಡಿದರೆ ಚುಕ್ಕೆ ಮಸ್ಜಿದ್ ಬಂದರಿನಲ್ಲಿದೆ. ಕಾರು ಹಾರ್ನಿಮನ್ ಸರ್ಕಲ್ ಹತ್ತಿರ ನಿಂತಿರಬೇಕಿತ್ತು. ನನ್ನ ಪೆಟ್ರೋಲಿನಲ್ಲಿ ಬಾಡಿಗೆ ಹೊಡೆಯುತ್ತಿದ್ದಾನೆ ಎಂದು ತೀರ್ಮಾನಿಸಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಕಾರಿಡಾರಿಗೆ ಬಂದು ಫೋನು ಮಾಡಿ ಬಾಯಿಗೆ ಬಂದದ್ದು ಅಂದೆ. ಅವನು ಎದುರು ಮಾತಾಡಲಿಲ್ಲ. ಒಂದು ಫೋಟೋ ಕಳಿಸಿದ. ಕಾರು ಇದ್ದಲ್ಲೇ ಇತ್ತು.

ನಡೆದದ್ದು ಇಷ್ಟೆ. ಫೋರ್ಟಿನಲ್ಲಿ ಒಂದರ ಹಿಂದೆ ಒಂದು ಕಾರು ನಿಲ್ಲಿಸುವ ಕಡೆ ಕೀಯನ್ನು ಪಾರ್ಕಿಂಗಿನವನ ಕೈಯಲ್ಲಿ ಕೊಟ್ಟು ಹೋಗುವುದು ಎಲ್ಲರೂ ಮಾಡುವ ಕೆಲಸ. ಆ ದಿನ ಪಾರ್ಕಿಂಗಿನ ಹುಡುಗ ಕೀ ಜೇಬಿನಲ್ಲಿಟ್ಟುಕೊಂಡೇ ಯಾರನ್ನೋ ನೋಡಲು ಮಸ್ಜಿದ್ ಬಂದರಿಗೆ ಹೋಗಿದ್ದ. ಟ್ಯಾಗು ಇದ್ದದ್ದು ಕೀಯಲ್ಲಿ, ಕಾರಿನಲ್ಲಲ್ಲ. ಎಂಟೆಕ್ ಓದಿದ ನನಗೆ ಇದು ಹೊಳೆಯಲಿಲ್ಲ.

ಸಂಜೆ ಕ್ಷಮೆ ಕೇಳಿದೆ. ಅವನು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಅಂದ: "ಸಾಹೇಬ್ರ, ಎರಡ ತಿಂಗಳಿಂದ ನನ್ನ ಫೋನ್ ಹೇಳಾಕತ್ತೈತ್ರಿ, ಯಾವ್ದೋ ಟ್ಯಾಗ್ ನಿನ್ನ ಬೆನ್ನ ಹತ್ತೈತಿ ಅಂತ. ನಿಮ್ದ ಇರ್ಬೇಕ್ ಅಂತ ಸುಮ್ನಿದ್ದೆ."

ಎರಡು ತಿಂಗಳು. ಅಪ್ಪನನ್ನು ಕೈಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ್ದು, ನನ್ನ ಮಗನ ಮರೆತ ಟಿಫಿನ್ ಹಿಂದಿರುಗಿ ಹೋಗಿ ತಂದುಕೊಟ್ಟದ್ದು, ಎಲ್ಲವೂ ತನ್ನನ್ನು ನಂಬುತ್ತಿಲ್ಲ ಎಂದು ಗೊತ್ತಿದ್ದೇ ಮಾಡಿದ ಕೆಲಸ. ತಿಂಗಳ ಕೊನೆಗೆ ಅವನು ಬೇರೆ ಕಡೆ ಸೇರಿಕೊಂಡ. ಸಂಬಳ ಹೆಚ್ಚಿಸುತ್ತೇನೆಂದರೂ ನಿಲ್ಲಲಿಲ್ಲ.

"ಹಾಗಾದರೆ ಟ್ಯಾಕ್ಸಿಗಳಲ್ಲಿ ಸರಕಾರವೇ ಹಾಕಿಸಿಲ್ಲವಾ?" ಎಂದು ಕೇಳುತ್ತೀರಿ. ಹೌದು, 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ, ಆಟೋಗಳನ್ನು ಬಿಟ್ಟು, ಜಾಗ ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯ. ಅದು ಇದೆ ಎಂದು ಚಾಲಕನಿಗೆ ಗೊತ್ತು. ಕಾನೂನಿನಲ್ಲಿ ಬರೆದಿದೆ. ಕಾಯುತ್ತಿರುವುದು ಯಾರು, ಯಾಕೆ ಎಂಬುದು ಬಹಿರಂಗ. ನಿಮ್ಮ ಕಾರಿನಲ್ಲೂ ಹಾಗೇ ಮಾಡಿ. "ಕಾರಿನಲ್ಲಿ ಜಿಪಿಎಸ್ ಇದೆ, ಗೊತ್ತಿರಲಿ" ಎಂದು ಮೊದಲ ದಿನವೇ ಹೇಳಿ. ಹೇಳಲು ನಾಚಿಕೆಯಾಗುವ ಕಾವಲನ್ನು ಇಡಬೇಡಿ.

ಫೋರ್ಟಿನ ಆಫೀಸುಗಳಿಗೆ 1890ರಿಂದ ಊಟ ಮುಟ್ಟಿಸುತ್ತಿರುವ ಡಬ್ಬಾವಾಲಾಗಳನ್ನು ನೋಡಿ. ಯಾವ ಸ್ಟೇಷನ್ನಿನಿಂದ ಹೊರಟು ಯಾವ ಕಟ್ಟಡದ ಎಷ್ಟನೇ ಮಾಳಿಗೆಗೆ ಹೋಗಬೇಕೆಂಬುದು ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿಗಳಲ್ಲಿದೆ. ಗುರುತು ಇರುವುದು ಡಬ್ಬದ ಮೇಲೆ, ಹೊತ್ತವನ ಮೇಲಲ್ಲ. ಆ ವಿವೇಕ ನಮಗೂ ಸಾಕು.

ಮಗಳ ಬ್ಯಾಗಿನ ಮಾತಿಗೆ ಬರುತ್ತೇನೆ. ಈ ಶಹರದಲ್ಲಿ ಹೆಣ್ಣುಮಕ್ಕಳ ಅಪ್ಪ ಅಮ್ಮನಿಗೆ ಭಯ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವಳಿಗೆ ಹೇಳಿ, ಅವಳು ಒಪ್ಪಿ, ತನ್ನ ಫೋನಿನಿಂದಲೇ ಜಾಗ ಹಂಚಿಕೊಂಡರೆ ಅದು ಕಾಳಜಿ. ಬ್ಯಾಗಿನ ಹೊಲಿಗೆಯೊಳಗೆ ಬಿಲ್ಲೆ ಸೇರಿಸಿದರೆ ಅದು ಪತ್ತೇದಾರಿ. ಹೆಂಡತಿಯ ಪರ್ಸಿಗೂ ಇದೇ ಮಾತು. ಹೆಂಗಸಿನ ಬೆನ್ನು ಹತ್ತುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅಪರಾಧ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದ ತೀರ್ಪಿಗೆ ಯಾರ ಹೆಸರಿದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರದು. ಎಂಬತ್ತು ದಾಟಿದ ವಯಸ್ಸಿನಲ್ಲಿ ಆ ಕನ್ನಡಿಗ ಸರಕಾರದ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದರು. ಸರಕಾರ ನಮ್ಮ ಮೇಲೆ ಕಣ್ಣಿಡಬಾರದು ಎಂದು ಚಪ್ಪಾಳೆ ತಟ್ಟಿದ ನಾವೇ ಮನೆಯೊಳಗೆ ಕದ್ದು ಕಣ್ಣಿಟ್ಟರೆ ಅದಕ್ಕೇನು ಅರ್ಥ?

ಒಂದು ವಿನಾಯಿತಿ ಒಪ್ಪುತ್ತೇನೆ. ಮರೆವಿನ ಕಾಯಿಲೆಯ ಹಿರಿಯರು, ಕೈತಪ್ಪಿ ಓಡುವ ಪುಟ್ಟ ಮಕ್ಕಳು. ಅಲ್ಲೂ ಮನೆಯವರಿಗೆಲ್ಲ ತಿಳಿದಿರಲಿ. ಬಿಲ್ಲೆಯ ಜೊತೆಗೆ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿಯೂ ಇರಲಿ. ಬ್ಯಾಟರಿ ಮುಗಿದ ದಿನ ಕೆಲಸಕ್ಕೆ ಬರುವುದು ಆ ಚೀಟಿ. ಬ್ಯಾಗಿನೊಳಗೂ ಅಂಥದ್ದೊಂದು ಇಡಿ. ರೈಲಿನಲ್ಲಿ ಮರೆತ ಸಾಮಾನನ್ನು ಮರಳಿಸಲು ರೈಲ್ವೆ ರಕ್ಷಣಾ ದಳ "ಆಪರೇಷನ್ ಅಮಾನತ್" ನಡೆಸುತ್ತಿದೆ. 139ಕ್ಕೆ ಫೋನ್ ಮಾಡಿ. ನಿಜವಾಗಿ ಕಳ್ಳತನವಾಗಿದ್ದರೆ ಚುಕ್ಕೆಯ ಬೆನ್ನು ಹತ್ತಿ ಒಬ್ಬರೇ ಗಲ್ಲಿಗೆ ನುಗ್ಗಬೇಡಿ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಬೇಕೆಂದು ಈಗ ಕಾನೂನೇ ಇದೆ. ನಕ್ಷೆಯನ್ನು ಪೊಲೀಸರಿಗೆ ತೋರಿಸಿ. ಹೋದದ್ದು ಫೋನಾದರೆ ಸಂಚಾರ್ ಸಾಥಿಯಲ್ಲಿ ಐಎಂಇಐ ಕೊಟ್ಟು ಬಂದ್ ಮಾಡಿಸಿ.

ನಾವು ಕೂತಿರುವ ಫೋರ್ಟಿನ ಕೋಟೆಗೋಡೆಯನ್ನು 1860ರ ದಶಕದಲ್ಲೇ ಕೆಡವಿದರು. ಗೋಡೆ ಹೋದಮೇಲೂ ಊರಿಂದ ಹೆಸರು ವಿಳಾಸವಿಲ್ಲದೆ ಬಂದ ನಮ್ಮ ಹಿರಿಯರಿಗೆ ಇಲ್ಲಿ ಹೋಟೆಲಿನ ಕೆಲಸ ಸಿಕ್ಕಿತು, ರಾತ್ರಿಶಾಲೆಯ ಬೆಂಚು ಸಿಕ್ಕಿತು, ಮಲಗಲು ಜಾಗ ಸಿಕ್ಕಿತು. ಒಬ್ಬರು ಇನ್ನೊಬ್ಬರ ಮಾತು ನಂಬಿದ್ದರಿಂದ ಸಿಕ್ಕಿತು.

ಆದ್ದರಿಂದ ಮುಂದಿನ ಸಲ ಯಾವ ಟ್ಯಾಗ್ ತಗೊಳ್ಳಲಿ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇದೆ: ಎಲ್ಲಿಡುತ್ತೀರಿ, ಮತ್ತು ಅದನ್ನು ಹೊತ್ತು ನಡೆಯುವವರಿಗೆ ಹೇಳಿದ್ದೀರಾ? ಹೌದು ಎಂದರೆ ಕೂತುಕೊಳ್ಳಿ, ಚಹಾ ನನ್ನ ಲೆಕ್ಕದಲ್ಲಿ, ಬೆಲೆ ಬ್ಯಾಟರಿ ಎಲ್ಲ ಹೇಳುತ್ತೇನೆ. ಇಲ್ಲ ಎಂದರೆ ಆ ಮೂರು ಸಾವಿರ ಉಳಿಸಿ, ಡ್ರೈವರನ ಸಂಬಳಕ್ಕೆ ಸೇರಿಸಿ.