ಫ್ಲೋಟು ದೊಡ್ಡದಿದ್ದರೆ ಸಾಕೇ?

‘ಪುಟ್ಟ ಸೀಪ್ಲೇನಿಗೆ ಸಿಗುವುದರಲ್ಲೇ ದೊಡ್ಡ ಫ್ಲೋಟು ಹಾಕಿಸಿ, ಅದೇ ಕ್ಷೇಮ’ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಒಪ್ಪಲಾಗದ ಮಾತು. ಅಲಾಸ್ಕದ ಸರೋವರಗಳಲ್ಲಿ ಇಳಿಯುವ ಪೈಪರ್ ಸೂಪರ್ ಕಬ್ ನೋಡಿ: ಗರಿಷ್ಠ ತೂಕ 1,750 ಪೌಂಡ್. ಅಮೆರಿಕದ ರೂಢಿಯ ಲೆಕ್ಕದಂತೆ ವಿಮಾನವನ್ನು ನೀರಿನ ಮೇಲೆ ತೇಲಿಸುವ ಫ್ಲೋಟುಗಳು ಅದಕ್ಕಿಂತ ಶೇ. 80ರಷ್ಟು ಹೆಚ್ಚು ಹೊರಬೇಕು, ಅಂದರೆ 3,150. ಎಡೊ 2000 ಎಂಬ ಮಾದರಿಯ ಫ್ಲೋಟುಗಳ ಜೋಡಿ ಸುಮಾರು 4,000 ಪೌಂಡ್ ಹೊರುತ್ತದೆ. ಅದಕ್ಕೂ ದೊಡ್ಡದು ಹಾಕಿಸಿದರೆ, ಹೆಚ್ಚುವ ತೂಕವೆಲ್ಲ ಪ್ರಯಾಣಿಕನ ಇಲ್ಲವೇ ಇಂಧನದ ಪಾಲಿನಿಂದಲೇ ಕಳೆಯುತ್ತದೆ.

ಗಾತ್ರಕ್ಕಿಂತ ನೋಡಬೇಕಾದದ್ದು ಫ್ಲೋಟಿನೊಳಗಿರುವ, ನೀರು ನುಗ್ಗದ ಗೂಡುಗಳನ್ನು. ಬೆಳಿಗ್ಗೆ ರಬ್ಬರ್ ಬಿರಡೆ ಕಿತ್ತು, ಕೈಪಂಪಿನಿಂದ ಒಂದೊಂದೇ ಗೂಡಿನ ನೀರೆತ್ತಿ. ದಿನವೂ ಅದೇ ಗೂಡಿನಲ್ಲಿ ನೀರು ಬಂದರೆ ಅಲ್ಲೆಲ್ಲೋ ಸೋರುತ್ತಿದೆ. ಇನ್ನು ಚಕ್ರವಿರುವ ಫ್ಲೋಟು: ಚಕ್ರ ಇಳಿಬಿಟ್ಟು ನೀರಿಗಿಳಿದರೆ ವಿಮಾನ ಮಗುಚಿಕೊಳ್ಳುತ್ತದೆ. ಈ ಎಚ್ಚರಿಕೆಯನ್ನಾದರೂ ಲೇಖಕರು ಬರೆಯಬೇಕಿತ್ತು.